ಮನೆಗೆ ಗ್ರಾಫಿಕ್ಸ್ ಕಾರ್ಡು ಬೇಕೇ?

ಕಳೆದ ತಿಂಗಳು ನಮ್ಮ ಆಪ್ತರೊಬ್ಬರು ಅಂಗಡಿಯ ದರಪಟ್ಟಿಯೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಇಂಜಿನಿಯರಿಂಗ್ ಓದುತ್ತಿರುವ ಅವರ ಮಗ ಕಂಪ್ಯೂಟರು ಬೇಕೆಂದು ಕೇಳಿದ್ದಾನೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡೆಂಬ ಒಂದೇ ಭಾಗದ ಬೆಲೆ ಉಳಿದೆಲ್ಲ ಭಾಗಗಳ ಬೆಲೆಗೆ ಸಮನಾಗಿದೆ. “ಆಟ ಆಡೋ ಸಾಮಾನಿಗೆ ಇಷ್ಟು ರೊಕ್ಕ ಹಾಕಬೇಕೇನ್ರೀ? ಅವ ನೋಡಿದ್ರ ಓದಿಗೆ ಬೇಕು ಅಂತಾನ. ನೀವರ ಒಂದು ಮಾತು ಹೇಳ್ರಿ” ಎಂದರು. ತಂದೆಯ ಸಂಶಯ ಸಹಜವಾದುದೇ. ಆದರೆ ಮಗನ ಮಾತೂ ಸುಳ್ಳಲ್ಲ.

ಕಂಪ್ಯೂಟರಿನ ಪರದೆಯು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳಿಂದಾದುದು. ಫುಲ್ ಎಚ್.ಡಿ. ಎಂದು ಕರೆಯುವ ಪರದೆಯಲ್ಲಿ ಸಾಲಿಗೆ 1,920ರಂತೆ 1,080 ಸಾಲುಗಳು, ಒಟ್ಟು 20,73,600 ಚುಕ್ಕೆಗಳು. ಆಟದ ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗುವುದಾದರೆ, ಅಷ್ಟರೊಳಗೆ 12 ಕೋಟಿಗೂ ಮಿಕ್ಕಿದ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಮುಖ್ಯ ಪ್ರೊಸೆಸರು ಎಷ್ಟೇ ಚುರುಕಾಗಿದ್ದರೂ ಈ ಹೊರೆಯನ್ನು ತಾನೊಂದೇ ಹೊರಲಾರದು.

ಮದುವೆಮನೆಯ ಅಡುಗೆಯನ್ನು ನೆನೆಯಿರಿ. ಸಾರಿಗೆ ಮೊದಲು ಬೇಳೆ ಬೇಯಬೇಕು, ಆಮೇಲೆ ಹುಳಿ-ಖಾರ, ಕಡೆಗೆ ಒಗ್ಗರಣೆ. ಅಲ್ಲಿ ಐವತ್ತು ಮಂದಿ ಬಂದು ನಿಂತರೂ ಬೇಳೆ ಬೇಗ ಬೇಯದು. ಕೈ ಪಳಗಿದ ಒಬ್ಬರು ಸಾಕು. ರೊಟ್ಟಿಯ ಮಾತು ಬೇರೆ. ಒಂದು ರೊಟ್ಟಿ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಓಣಿಯ ತಾಯಂದಿರೆಲ್ಲ ಒಮ್ಮೆಗೇ ಬಡಿಯಲು ಕುಳಿತರೆ ಸಾವಿರ ರೊಟ್ಟಿ ಹೊತ್ತೇರುವುದರೊಳಗೆ ಸಿದ್ಧ. ಮುಖ್ಯ ಪ್ರೊಸೆಸರು ಸಾರು ಮಾಡುವ ಕೈಯಾದರೆ, ಗ್ರಾಫಿಕ್ಸ್ ಪ್ರೊಸೆಸರು ರೊಟ್ಟಿ ಬಡಿಯುವ ನೂರಾರು, ಸಾವಿರಾರು ಕೈಗಳು.

1999ರಲ್ಲಿ ಅಮೆರಿಕದ ಎನ್‌ವಿಡಿಯಾ ಕಂಪನಿಯು ‘ಜಿಫೋರ್ಸ್ 256’ ಎಂಬ ಚಿಪ್ಪನ್ನು ಜಗತ್ತಿನ ಮೊದಲ ಜಿ.ಪಿ.ಯು. ಎಂದು ಸಾರಿ ಮಾರುಕಟ್ಟೆಗೆ ತಂದಿತು. ಆಗ ಅದರ ಗಿರಾಕಿಗಳು ಆಟವಾಡುವ ಹುಡುಗರು. ಆದರೆ ವಿಜ್ಞಾನದಲ್ಲಿಯೂ ‘ರೊಟ್ಟಿ ಬಡಿಯುವ’ ಲೆಕ್ಕಗಳು ಬೇಕಾದಷ್ಟಿವೆ. ಕೆಲವು ಸಂಶೋಧಕರು ತಮ್ಮ ಅಂಕಿಗಳಿಗೆ ಚಿತ್ರದ ವೇಷ ತೊಡಿಸಿ ಈ ಚಿಪ್ಪಿಗೆ ಉಣಿಸಿ ಉತ್ತರ ಪಡೆಯತೊಡಗಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಬಕ್ ಎಂಬ ವಿದ್ಯಾರ್ಥಿ ಈ ವೇಷದ ತೊಡಕನ್ನು ತಪ್ಪಿಸಲು ‘ಬ್ರೂಕ್’ ಎಂಬ ಭಾಷೆಯನ್ನು ರಚಿಸಿದರು. ಮುಂದೆ ಅವರು ಅದೇ ಕಂಪನಿಯನ್ನು ಸೇರಿದರು. 2006ರಲ್ಲಿ ‘ಕೂಡಾ’ ಎಂಬ ವ್ಯವಸ್ಥೆಯು ಪ್ರಕಟವಾಯಿತು. ಅಲ್ಲಿಂದಾಚೆಗೆ ಆಟದ ಕಾರ್ಡು ನೇರವಾಗಿ ಗಣಿತದ ಯಂತ್ರವಾಯಿತು.

ಇದರ ಫಲ ಕಂಡದ್ದು 2012ರಲ್ಲಿ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಹಾಗೂ ಅವರ ಗುರು ಜೆಫ್ರಿ ಹಿಂಟನ್, ಚಿತ್ರವನ್ನು ನೋಡಿ ವಸ್ತುವನ್ನು ಹೆಸರಿಸುವ ಸ್ಪರ್ಧೆಗೆ ಇಳಿದರು. ಕಲಿಕೆಗೆ ಸುಮಾರು 12 ಲಕ್ಷ ಚಿತ್ರಗಳು. ಯಂತ್ರವಾದರೋ, ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತಿದ್ದ ಎರಡು ‘ಜಿ.ಟಿ.ಎಕ್ಸ್. 580’ ಆಟದ ಕಾರ್ಡುಗಳು! ಕ್ರಿಜೆವ್‌ಸ್ಕಿ ಅವುಗಳನ್ನು ನಡೆಸಿದ್ದು ತಂದೆತಾಯಿಗಳ ಮನೆಯ ತಮ್ಮ ಕೋಣೆಯಲ್ಲಿ. ಐದಾರು ದಿನಗಳಲ್ಲಿ ಕಲಿಕೆ ಮುಗಿಯಿತು. ಎರಡನೆಯ ಸ್ಥಾನದವರ ತಪ್ಪು ಶೇ. 26.2 ಇದ್ದಾಗ ಇವರದು ಶೇ. 15.3. ಇಂದಿನ ಕೃತಕ ಬುದ್ಧಿಮತ್ತೆಯ ಅಬ್ಬರಕ್ಕೆ ಆ ಕೋಣೆಯೂ ಒಂದು ಮೂಲ. ಹಿಂಟನ್ ಅವರಿಗೆ 2024ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ ‘ಪರಮ್ ಪ್ರವೇಗ’ ಮಹಾಗಣಕದಲ್ಲಿಯೂ ಇದೇ ಮನೆತನದ ‘ವಿ100’ ಕಾರ್ಡುಗಳಿವೆ. ಚಿತ್ರ ಬಿಡಿಸಲೆಂದು ಹುಟ್ಟಿದ ವಂಶದ ಈ ಕುಡಿಗಳಿಗೆ ಪರದೆ ಜೋಡಿಸುವ ಕಿಂಡಿಯೇ ಇಲ್ಲವೆಂಬುದು ಒಂದು ತಮಾಷೆ.

ಇನ್ನು ಮನೆಯ ಲೆಕ್ಕಾಚಾರ. ಚಲನಚಿತ್ರ ನೋಡುವುದಕ್ಕೆ, ಪತ್ರ ಬರೆಯುವುದಕ್ಕೆ ಬೇರೆ ಕಾರ್ಡು ಬೇಡವೇ ಬೇಡ. ಬಹಳಷ್ಟು ಮುಖ್ಯ ಪ್ರೊಸೆಸರುಗಳಲ್ಲಿ ಅಷ್ಟರ ಮಟ್ಟಿನ ಗ್ರಾಫಿಕ್ಸ್ ಭಾಗವು ಸೇರಿಯೇ ಬರುತ್ತದೆ. ವಿಡಿಯೋ ಜೋಡಿಸುವವರ ಸಂಗತಿ ಬೇರೆ. ಸೆಕೆಂಡಿಗೆ 25 ಚಿತ್ರಗಳಂತೆ ಎರಡು ಗಂಟೆಯ ಮದುವೆಯ ವಿಡಿಯೋದಲ್ಲಿ 1,80,000 ಚಿತ್ರಗಳು! ಪ್ರತಿಯೊಂದರ ಬಣ್ಣ ತಿದ್ದಬೇಕೆಂದರೆ ಕಾರ್ಡು ಉಳಿಸುವ ಸಮಯವೇ ಹಣ. ಕೊಳ್ಳುವಾಗ ಕಾರ್ಡಿನ ಹೆಸರಿಗಿಂತ ಅದರ ಸ್ವಂತ ಮೆಮರಿ ಎಷ್ಟೆಂಬುದನ್ನು ನೋಡುವುದು ಲೇಸು; ಕೆಲಸವು ಅದರಲ್ಲಿ ಹಿಡಿಸದಿದ್ದರೆ ವೇಗವಿದ್ದೂ ಪ್ರಯೋಜನ ಕಡಿಮೆ. ವಿದ್ಯುತ್ತಿನ ಖರ್ಚನ್ನೂ ಮರೆಯಬಾರದು.

ಬೆಲೆ ಏಕಿಷ್ಟು ಎಂದು ಆಪ್ತರು ಮತ್ತೆ ಕೇಳಿದರು. 2021ರ ಸುಮಾರಿಗೆ ಡಿಜಿಟಲ್ ನಾಣ್ಯ ಗಣಿಗಾರಿಕೆಯವರು ಮುಗಿಬಿದ್ದು ಕೊಂಡು ಕಾರ್ಡುಗಳ ಅಭಾವವನ್ನು ಹೆಚ್ಚಿಸಿದರು. ಈಗ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳದೇ ಮೇಲುಗೈ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾದ ವರಮಾನದಲ್ಲಿ ಆಟದ ವಿಭಾಗದ ಪಾಲು ಹತ್ತರಲ್ಲೊಂದಕ್ಕಿಂತ ಕಡಿಮೆ. ಅಂದು ಕೈಖರ್ಚಿನ ದುಡ್ಡು ಕೂಡಿಸಿ ಈ ವಿದ್ಯೆಯನ್ನು ಸಾಕಿದ ಮಕ್ಕಳು ಇಂದು ಸರದಿಯ ಹಿಂದೆ ನಿಂತಿದ್ದಾರೆ. ಇದು ನಮಗೆ ಸರಿಕಾಣದು.

ಆಪ್ತರಿಗೆ ನಾವು ಹೇಳಿದ್ದಿಷ್ಟು: ಗೂಗಲ್ ಸಂಸ್ಥೆಯ ‘ಕೋಲ್ಯಾಬ್’ನಲ್ಲಿ ಇಂಥ ಪ್ರೊಸೆಸರನ್ನು ಮಿತಿಯೊಳಗೆ ಉಚಿತವಾಗಿ ಬಳಸಬಹುದು. ಹುಡುಗ ಮೊದಲು ನಾಲ್ಕು ತಿಂಗಳು ಅಲ್ಲಿ ಕೆಲಸ ಮಾಡಲಿ. ಅದು ಸಾಲದೆಂಬಷ್ಟು ಕೆಲಸ ಬೆಳೆದರೆ ಕಾರ್ಡು ಕೊಡಿಸಿರಿ. ಬಿಡುವಿನಲ್ಲಿ ಆಟವನ್ನೂ ಆಡಿಕೊಳ್ಳಲಿ. ಅವರು ದರಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಬರುವ ರವಿವಾರ ಮಗನನ್ನೇ ಕರೆತರುವುದಾಗಿ ಹೇಳಿ ಹೋದರು.