ಬೋರ್ಡೋದಲ್ಲಿ ತಾಮ್ರ ಏಕೆ ಕರಗಿರಬಾರದು?

ಹಲಸು ಕೊಯ್ದ ಕೈಯ ಮೇಣ ಬರೀ ನೀರಿಗೆ ಜಗ್ಗುವುದಿಲ್ಲ. ತೆಂಗಿನೆಣ್ಣೆ ಸವರಿದರೆ ಬಿಡುತ್ತದೆ. ಅದೇ ಎಣ್ಣೆಗೆ ಮೈಲುತುತ್ತು ಹಾಕಿ ನೋಡಿ, ತಳದಲ್ಲಿ ಹಾಗೇ ಕೂತಿರುತ್ತದೆ. ನೀರಿನಲ್ಲಾದರೆ ಚೆನ್ನಾಗಿ ಕರಗುತ್ತದೆ.

ನೀರಿನ ಅಣುವಿನ ಒಂದು ಬದಿಗೆ ತುಸು ಧನ, ಇನ್ನೊಂದು ಬದಿಗೆ ತುಸು ಋಣ ವಿದ್ಯುದಂಶ. ಮೈಲುತುತ್ತಿನಲ್ಲಿರುವುದೂ ಧನ ತಾಮ್ರ, ಋಣ ಸಲ್ಫೇಟ್. ನೀರು ಎರಡನ್ನೂ ಸುತ್ತುಗಟ್ಟಿ ಬಿಡಿಸಿಕೊಂಡು ಹೋಗುತ್ತದೆ. ಎಣ್ಣೆಗೆ ಆ ಹಿಡಿತ ಇಲ್ಲ. ಮೇಣವೋ, ಎಣ್ಣೆಯದೇ ಜಾತಿ.

ಆದರೆ ಕರಗಿದ ಮೈಲುತುತ್ತನ್ನೇ ಅಡಿಕೆ ಗೊನೆಗೆ ಬಿಟ್ಟರೆ ಎಳೆಕಾಯಿ ಸುಡುತ್ತದೆ, ಉಳಿದದ್ದು ಮಳೆಗೆ ತೊಳೆದು ಹೋಗುತ್ತದೆ. ಆಮೇಲೆ ಕೊಳೆರೋಗ ಬಂದರೆ ಫಸಲು ನೆಲಕ್ಕೆ. ಸುಣ್ಣ ಸೇರಿದಾಗ ತಾಮ್ರ ನೀರು ಸುಲಭದಲ್ಲಿ ಬಿಡಿಸಲಾಗದ ಸಂಯುಕ್ತವಾಗಿ, ನೀಲಿ ಕಣವಾಗಿ ಕಾಯಿಗೆ ಅಂಟುತ್ತದೆ. ಅದರಿಂದ ತಾಮ್ರ ಹೊರಬರುವುದು ಚೂರುಚೂರೇ. ಶಿಲೀಂಧ್ರ ತಡೆಯಲು ಅಷ್ಟು ಸಾಕು. ಬೋರ್ಡೋ 'ದ್ರಾವಣ' ಅನ್ನುತ್ತೇವೆ, ನಿಜಕ್ಕೂ ಅದು ನೀರಲ್ಲಿ ತೇಲುವ ಹುಡಿ!

ಶೇ. 1ರ ಬೋರ್ಡೋಕ್ಕೆ ನಾನು 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣವನ್ನು 50 ಲೀಟರಿನಂತೆ ಬೇರೆಬೇರೆ ನೀರಲ್ಲಿ ಕಲಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತೇನೆ. ಪಾತ್ರೆ ಪ್ಲಾಸ್ಟಿಕ್ಕಿನದು. ಗಾಳಿ ಹಿಡಿದ ಹಳೆ ಸುಣ್ಣವಾದರೆ ಸಾಲದೆ ಬರುತ್ತದೆ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪಡರಿದರೆ ತಾಮ್ರ ಇನ್ನೂ ಕರಗಿಯೇ ಇದೆ ಅಂತ ಅರ್ಥ. ಸುಣ್ಣದ ನೀರು ಇನ್ನಷ್ಟು ಸೇರಿಸಿ. ಮದ್ದನ್ನು ಮಾಡಿದ ದಿನವೇ ಬಿಟ್ಟು ಮುಗಿಸಿ, ಇಟ್ಟರೆ ಕಣ ದಪ್ಪಗಾಗಿ ತಳ ಸೇರುತ್ತದೆ.