ಅಡ್ಡ ತಿರುಗಿ ಒಳಗೆ ಬನ್ನಿ

ಮೈಸೂರಿನ ನಮ್ಮ ಮನೆಯ ಅಡುಗೆಮನೆ ಬಾಗಿಲು ಎರಡೂವರೆ ಅಡಿ ಅಗಲ. ಮೂವತ್ತು ವರ್ಷದಿಂದ ಓಡಾಡುತ್ತಿದ್ದರೂ ಅದನ್ನು ಟೇಪು ಹಿಡಿದು ಅಳೆದದ್ದು ಮೊನ್ನೆ, ಲಂಡನ್ನಿನಿಂದ ವಾಪಸಾದ ಮಾರನೆಯ ದಿನ. ಬಟ್ಟೆ ತುಂಬುವ ಎರಡು ಬೆತ್ತದ ಬುಟ್ಟಿಗಳನ್ನು ಹಳೆಯ ಪಂಚೆಯಲ್ಲಿ ಸೊಂಟದ ಎರಡೂ ಕಡೆ ಬಿಗಿದುಕೊಂಡೆ. ಮೇಲೆ ಒಂದು ಜಮಖಾನ ಇಳಿಬಿಟ್ಟೆ. ಕಾಫಿ ಲೋಟ ಹಿಡಿದು ಹಾಲ್‌ಗೆ ಹೊರಟೆ. ಮೊದಲ ಸಲ ಬಾಗಿಲಲ್ಲೇ ಸಿಕ್ಕಿಕೊಂಡೆ. ಎರಡನೆಯ ಸಲ ಅಡ್ಡ ತಿರುಗಿ, ಏಡಿ ನಡೆದ ಹಾಗೆ ನಡೆದು ಹೊರಬಂದೆ. ಅರ್ಧ ಕಾಫಿ ನೆಲದ ಪಾಲು.

“ಏನೇ ಇದು, ಈ ವಯಸ್ಸಲ್ಲಿ?” ಎಂದರು ಮನೆಯವರು, ಪೇಪರು ಪಕ್ಕಕ್ಕಿಟ್ಟು.

ಹೇಳುತ್ತೇನೆ.

ಲಂಡನ್ನಿನಲ್ಲಿರುವ ಮಗಳು ನನ್ನನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದದ್ದು ಟಿಪ್ಪುವಿನ ಹುಲಿ ತೋರಿಸಲು. ಮೈಸೂರಿನವರು ಅಲ್ಲಿಗೆ ಹೋಗುವುದೇ ಅದಕ್ಕೆ. ಹುಲಿ ನೋಡಿದ್ದಾಯಿತು, ಫೋಟೊ ಆಯಿತು, ನಮ್ಮದು ಇಲ್ಲಿ ಬಂದು ಕೂತಿದೆಯಲ್ಲ ಎಂದು ಒಂದು ನಿಟ್ಟುಸಿರೂ ಆಯಿತು. ಆಮೇಲೆ ಸುಮ್ಮನೆ ಬ್ರಿಟಿಷ್ ಗ್ಯಾಲರಿಗಳ ಕಡೆ ಕಾಲೆಳೆದುಕೊಂಡು ಹೋದಾಗ, ಮಬ್ಬು ಬೆಳಕಿನ ಗಾಜಿನ ಪೆಟ್ಟಿಗೆಯೊಳಗೆ ಅದು ನಿಂತಿತ್ತು. ಕೆಂಪು ರೇಷ್ಮೆ, ಮೈತುಂಬ ಬೆಳ್ಳಿ. ಉಡುಪು ಅನ್ನುವುದಕ್ಕಿಂತ ಯಾರೋ ಮಂಟಪದ ಪರದೆಯನ್ನು ಅಡ್ಡಡ್ಡ ಕಟ್ಟಿ, ಅದರ ನಡುವೆ ಒಂದು ತಲೆ ಇಡಲು ಜಾಗ ಬಿಟ್ಟ ಹಾಗಿತ್ತು.

1740ರಿಂದ 1745ರ ನಡುವೆ ಹೊಲಿದ ಮ್ಯಾಂಟುವಾ ಅದು. ಇಂಗ್ಲೆಂಡಿನ ಅರಮನೆಗೆ ಹೋಗುವ ಹೆಂಗಸರ ದರ್ಬಾರಿ ಪೋಷಾಕು. ಲಂಗದ ತುಂಬ ಬೇರಿನಿಂದ ತುದಿಯವರೆಗೆ ಹರಡಿದ ಜೀವವೃಕ್ಷದ ಕಸೂತಿ. ಅದಕ್ಕೆ ಹಿಡಿದಿರುವ ಬೆಳ್ಳಿ ದಾರವೇ ಹತ್ತಿರ ಹತ್ತಿರ 10 ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಕೆ.ಜಿ. ರೇಷ್ಮೆ, ಒಳಲಂಗ, ಬೆತ್ತದ ಕಟ್ಟು, ಬಿಗಿದ ಕುಪ್ಪಸ, ಎಲ್ಲದರ ತೂಕ ಇದರ ಮೇಲೆ. ನನ್ನ ಧಾರೆ ಸೀರೆಯೇ ಭಾರವಾಯಿತೆಂದು ಸಪ್ತಪದಿಯಲ್ಲಿ ಮೂರನೇ ಹೆಜ್ಜೆಗೆ ಮುಖ ಸಿಂಡರಿಸಿದವಳು ನಾನು. ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟೆ. “ಅಮ್ಮ, ಸಾಕು ಬಾ, ಹಸಿವಾಗ್ತಿದೆ” ಎಂದು ಮಗಳು ಎರಡು ಸಲ ಹೇಳಿದಳು.

ಆ ಅಗಲದ ಗುಟ್ಟು ಸರಳ. ಸೊಂಟದ ಎರಡು ಬದಿಗೆ ಬೆತ್ತದ ಇಲ್ಲವೆ ತಿಮಿಂಗಿಲದ ಬಾಯಿಪಟ್ಟಿಯ ಕಟ್ಟು. ಫ್ರೆಂಚರು ಅದನ್ನು ಕರೆದದ್ದು ‘ಪಾನಿಯೆ’, ಅಂದರೆ ಬುಟ್ಟಿ. ನನ್ನ ಪ್ರಯೋಗಕ್ಕೆ ಸ್ಫೂರ್ತಿ ಆ ಹೆಸರೇ. ಮುಂದೆ ಹಿಂದೆ ಚಪ್ಪಟೆ, ಎಡಕ್ಕೂ ಬಲಕ್ಕೂ ರೆಕ್ಕೆ. ಇಂಥ ಉಡುಪು ಆರಡಿ ಅಗಲದವರೆಗೂ ಹೋದದ್ದುಂಟು. ಬಾಗಿಲಿಗೆ ಬಂದರೆ ಅಡ್ಡ ತಿರುಗಬೇಕು. ಪಲ್ಲಕ್ಕಿಯಂಥ ಸೆಡಾನ್ ಕುರ್ಚಿಯಲ್ಲಿ ಕೂರಬೇಕಾದರೆ ಎರಡೂ ರೆಕ್ಕೆಗಳನ್ನು ಮೇಲಕ್ಕೆತ್ತಿಕೊಳ್ಳಬೇಕು. ಇದಕ್ಕೆಂದೇ ಕೀಲು ಹಾಕಿ, ಕಂಕುಳಿನ ಕಡೆಗೆ ಮಡಚುವಂತೆ ಮಾಡಿದ ಕಟ್ಟುಗಳೂ ಬಂದವು. ಕಷ್ಟವನ್ನು ಬಿಡಲೊಲ್ಲದೆ ಅದಕ್ಕೊಂದು ಕೀಲು ಹಾಕಿಸಿಕೊಂಡವರ ಜಾಣತನಕ್ಕೆ ಏನನ್ನೋಣ!

ಅರಮನೆಯಾಚೆಯೂ ಕಾಟ ತಪ್ಪಲಿಲ್ಲ. 1742ರ ಏಪ್ರಿಲ್‌ನಲ್ಲಿ ಹ್ಯಾಂಡೆಲ್‌ನ ‘ಮೆಸ್ಸಾಯ’ ಡಬ್ಲಿನ್‌ನಲ್ಲಿ ಮೊದಲ ಸಲ ಹಾಡಿಕೆಯಾದಾಗ, ದಯವಿಟ್ಟು ಹೆಂಗಸರು ಹೂಪ್, ಅಂದರೆ ಈ ಕಟ್ಟು, ತೊಡದೆ, ಗಂಡಸರು ಕತ್ತಿ ಕಟ್ಟದೆ ಬನ್ನಿ ಎಂದು ಪತ್ರಿಕೆಯಲ್ಲಿ ಕೇಳಿಕೊಳ್ಳಬೇಕಾಯಿತು. ಕೇಳಿದ್ದಕ್ಕೆ ಸುಮಾರು 700 ಜನ ಹಿಡಿಸಿದರು.

ನನ್ನ ತಂಗಿಗೆ ಫೋನಿನಲ್ಲಿ ಇದನ್ನೆಲ್ಲ ಬಣ್ಣಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಅದು ಸರಿ ಅಕ್ಕ, ಒಂದಕ್ಕೆ ಹೋಗಬೇಕಾದರೆ?” ಓದುಗರೂ ಅದನ್ನೇ ಕೇಳುತ್ತಿರಬಹುದು. ಆ ಕಾಲದ ಇಂಗ್ಲಿಷ್ ಹೆಂಗಸರು ಒಳಚಡ್ಡಿ ತೊಡುತ್ತಿರಲಿಲ್ಲ, ಹಾಗಾಗಿ ಅರ್ಧ ಸಮಸ್ಯೆ ಇಲ್ಲ. ಉಳಿದರ್ಧಕ್ಕೆ ಬೂರ್ದಲೂ ಎಂಬ ಉದ್ದನೆಯ ಪಿಂಗಾಣಿ ಪಾತ್ರೆ ಇತ್ತು. ಮುಂದಿನ ಕಾಲದವರು ಅದನ್ನು ಸಾರು ಬಡಿಸುವ ಪಾತ್ರೆ ಎಂದುಕೊಂಡದ್ದೂ ಇದೆಯಂತೆ. ಈ ವಿಷಯ ಇಲ್ಲಿಗೆ ಸಾಕು.

ಬಟ್ಟೆಯದು ಒಂದು ತೂಕವಾದರೆ ಶಿಷ್ಟಾಚಾರದ್ದು ಇನ್ನೊಂದು. ರಾಜ ರಾಣಿಯ ಎದುರು ಕೂರುವಂತಿಲ್ಲ, ಬೆನ್ನು ತೋರಿಸುವಂತಿಲ್ಲ. ‘ಎವೆಲಿನಾ’ ಬರೆದ ಕಾದಂಬರಿಕಾರ್ತಿ ಫ್ಯಾನಿ ಬರ್ನಿ 1786ರಲ್ಲಿ, ವರ್ಷಕ್ಕೆ 200 ಪೌಂಡ್ ಸಂಬಳಕ್ಕೆ, ರಾಣಿ ಶಾರ್ಲಟ್‌ಳ ಉಡುಪಿನ ಉಸ್ತುವಾರಿಗೆ ಸೇರಿದಳು. ಸೇರುವುದಕ್ಕೆ ಮೊದಲೇ ಅಕ್ಕನಿಗೆ ಬರೆದ ಕಾಗದದಲ್ಲಿ ಅರಮನೆಯ ನಿಯಮಗಳನ್ನು ಚೆನ್ನಾಗಿ ಗೇಲಿ ಮಾಡಿದ್ದಾಳೆ: ಕೆಮ್ಮು ಬಂದರೆ ಕೆಮ್ಮಬಾರದು, ಸೀನು ಬಂದರೆ ಉಸಿರು ಕಟ್ಟಬೇಕು, ಕೂದಲಿನ ಪಿನ್ನು ತಲೆಗೇ ಚುಚ್ಚಿಕೊಂಡರೂ ತೆಗೆಯಬಾರದು. ಕೊನೆಗೆ ಆರೋಗ್ಯ ಕೆಟ್ಟು 1791ರಲ್ಲಿ ಕೆಲಸ ಬಿಟ್ಟಳು. ಆಕ್ಸ್‌ಫರ್ಡ್‌ಗೆ ರಾಜಪರಿವಾರ ಹೋದಾಗ ಕಂಡದ್ದನ್ನೂ ಬರೆದಿದ್ದಾಳೆ. ಕಾಲು ಉಳುಕಿಸಿಕೊಂಡಿದ್ದ ಲೇಡಿ ಶಾರ್ಲಟ್ ಬರ್ಟಿ ಎಂಬಾಕೆ ದೊಡ್ಡ ಕೋಣೆಯುದ್ದಕ್ಕೂ, ಒಮ್ಮೆಯೂ ಮುಗ್ಗರಿಸದೆ, ನೆಟ್ಟಗೆ ನಿಂತು ಹಿಂದು ಹಿಂದಕ್ಕೇ ನಡೆದಳಂತೆ. ಬರ್ನಿಗೆ ಅದು ಕೈಲಾಗಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ, ನಿಲ್ಲು, ಉಡುಪಿನ ಬಾಲ ಸರಿಮಾಡಿಕೋ, ಮತ್ತೆ ನಾಲ್ಕು ಹೆಜ್ಜೆ.

ವರ್ಸೇಲ್ಸ್‌ನಲ್ಲಿ ಇದಕ್ಕೆ ಮೇಷ್ಟ್ರೇ ಇದ್ದರು. 1787ರಲ್ಲಿ ಮೇರಿ ಆಂತ್ವಾನೆತ್‌ಳ ಮುಂದೆ ಹಾಜರಾಗಬೇಕಿದ್ದ ಲಾ ತೂರ್ ದ್ಯು ಪ್ಯಾನ್ ಎಂಬ ಹುಡುಗಿ, ಹುವಾರ್ ಎಂಬ ನೃತ್ಯದ ಮೇಷ್ಟ್ರ ಹತ್ತಿರ ಅಭ್ಯಾಸ ಮಾಡಿದ್ದನ್ನು ನೆನಪಿಸಿಕೊಂಡಿದ್ದಾಳೆ. ಮೇಷ್ಟ್ರು ಭಾರೀ ಆಳು, ತಲೆಗೆ ಬಿಳಿ ಪುಡಿ. ಉಬ್ಬಿದ ಒಳಲಂಗ ತೊಟ್ಟು ಕೋಣೆಯ ಆ ತುದಿಯಲ್ಲಿ ನಿಂತು ಅವರೇ ರಾಣಿ! ಹುಡುಗಿ ಬಗ್ಗಿ ವಂದಿಸುತ್ತ ಹೋಗಬೇಕು, ರಾಣಿಯ ಸೆರಗಿಗೆ ಮುತ್ತಿಡಲು ಬಗ್ಗುವ ಹೊತ್ತಿಗೆ ಕೈಗವಸು ಕಳಚಿಕೊಳ್ಳಬೇಕು, ಆಮೇಲೆ ಹಿಂದಕ್ಕೆ ಬರಬೇಕು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನನಗೆ ಹುವಾರ್ ಮೇಷ್ಟ್ರ ಮೇಲೆ ತುಂಬ ಪ್ರೀತಿ ಬಂದಿದೆ. ನಿಜವಾದ ರಾಣಿಗಿಂತ ಅವರೇ ಚೆನ್ನಾಗಿ ನಿಂತಿರಬೇಕು.

ಈಗ ನನ್ನ ತಲೆಗೆ ಹೊಕ್ಕ ಹುಳಕ್ಕೆ ಬರುತ್ತೇನೆ. ಅದು ಆ ಬೆಳ್ಳಿ.

ಹತ್ತಿರದಿಂದ ನೋಡಿದರೆ ಅದು ನಮ್ಮ ಜರಿಯ ಬಂಧುವೇ. ರೇಷ್ಮೆ ಎಳೆಯ ಸುತ್ತ ತೆಳುವಾದ ಬೆಳ್ಳಿಯ ತಗಡು. ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ. ನಮ್ಮ ಅಗ್ರಹಾರದ ಬೀದಿಯಲ್ಲಿ “ಹಳೇ ಜರಿ ಸೀರೇ...” ಎಂದು ಕೂಗಿಕೊಂಡು ಬರುವವನಿಗೆ ನನ್ನ ಅಜ್ಜಿ ತನ್ನ ಮದುವೆಯ ಸೀರೆಯನ್ನೇ ಕೊಟ್ಟು ಒಂದು ಸ್ಟೀಲ್ ಕೊಳಗ ತೆಗೆದುಕೊಂಡಿದ್ದರು. ಅವನು ಸೀರೆ ಸುಟ್ಟು ಬೆಳ್ಳಿ ತೆಗೆದ, ಅಜ್ಜಿ ಕೊಳಗದಲ್ಲಿ ಹುಳಿ ಮಾಡಿದರು. ಅಮ್ಮ ಸಾಯುವವರೆಗೂ ಆ ಸೀರೆಗೆ ಕೊರಗಿದರು.

ಯುರೋಪಿನ ರಾಣೀವಾಸದವರೂ ಇದನ್ನೇ ಮಾಡಿದರು. ಅವರು ಮಾತ್ರ ಸುಡುವವನಿಗೆ ಕೊಡದೆ ತಾವೇ ಬಿಡಿಸಿದರು. ಫ್ರಾನ್ಸಿನಲ್ಲಿ 18ನೇ ಶತಮಾನದ ಕೊನೆಯ ಭಾಗದಲ್ಲಿ ಹಳೆಯ ಉಡುಪಿನಿಂದ ಚಿನ್ನ ಬೆಳ್ಳಿಯ ಎಳೆ ಕಿತ್ತು ಮಾರುವುದು ಹೆಂಗಸರ ಮಧ್ಯಾಹ್ನದ ಕಾಲಕ್ಷೇಪವಾಗಿತ್ತು, ಹೆಸರು ಪಾರ್ಫಿಲಾಜ್. ಹರಟೆಗೆ ಬರುವಾಗ ನಾವು ಹೂಬತ್ತಿ ಮಾಡಲು ಹತ್ತಿ ತಂದ ಹಾಗೆ ಅವರು ಹಳೆಯ ಜರಿ ಪಟ್ಟಿ ತರುತ್ತಿದ್ದರು. ಎದುರು ಕೂತ ಗಂಡಸಿನ ಕೋಟಿನ ಅಂಚಿನ ಮೇಲೂ ಕಣ್ಣು. ಮದಾಂ ದ ಜಾನ್ಲಿಸ್ 1782ರಲ್ಲಿ ಪುಸ್ತಕವೊಂದರಲ್ಲಿ ಈ ಚಟವನ್ನು ಸರಿಯಾಗಿ ಝಾಡಿಸಿದಳು. ಆದರೂ ಚಟ ಸಾಯಲಿಲ್ಲ. ಮುಂದೆ ಬೆಲ್ಜಿಯಂ ದೊರೆಯಾದ ಲಿಯೊಪೋಲ್ಡ್‌ಗೆ ಅದು ಅಂಟಿಕೊಂಡಿತ್ತು. ಅವನ ಪ್ರೇಯಸಿ, ಜರ್ಮನ್ ನಟಿ ಕ್ಯಾರೊಲಿನ್ ಬಾವರ್, ಅವನು ಗಂಟೆಗಟ್ಟಲೆ ಕೂತು ಎಳೆ ಬಿಡಿಸುತ್ತಿದ್ದುದನ್ನು ಬೇಸತ್ತು ಬರೆದಿದ್ದಾಳೆ. ಹಾಗೆ ಕೂಡಿಸಿದ ಬೆಳ್ಳಿಯಲ್ಲಿ ಅವನು ಸೊಸೆ, ಅಂದರೆ ಅಕ್ಕನ ಮಗಳು ವಿಕ್ಟೋರಿಯಾಗೆ ಮಾಡಿಸಿ ಕೊಟ್ಟದ್ದು ಸೂಪಿನ ಕೊಳಗ! ಇದನ್ನು ಓದಿದ ದಿನ ಅಜ್ಜಿಯ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿಯಿತು.

ಇಷ್ಟು ಬೆಳ್ಳಿ ಹೊತ್ತ ಉಡುಪುಗಳು ಇವತ್ತು ಬೆರಳೆಣಿಕೆಯಷ್ಟು ಉಳಿದಿರುವುದಕ್ಕೆ ಈ ಕಸುಬೂ ಒಂದು ಕಾರಣ. ನಾನು ನೋಡಿದ ಕೆಂಪು ಮ್ಯಾಂಟುವಾ ಹೇಗೋ ತಪ್ಪಿಸಿಕೊಂಡಿದೆ. ಅದರ ಹಿಂದಿನ ಬಾಲದ ಮೇಲೆ ಒಂದು ಬರಹವಿದೆ: ಮದಾಂ ಲೆಕಾಂಟ್‌ರಿಂದ ನಾನು ಪಡೆದೆ ಎಂದು ಮ್ಯಾಗ್ಡ್ ಜೈಲ್ಸ್ ಎಂಬುವಳು ಹಾಕಿದ ರುಜು. ಲೆಕಾಂಟ್ ಕಸೂತಿಯವಳು. ದರ್ಬಾರಿನಲ್ಲಿ ಯಾರ ಕಣ್ಣಿಗೂ ಬೀಳದ ಕಡೆ ಕೂತ ಆ ಒಂದು ಸಾಲಿನ ರಸೀದಿಯ ಮುಂದೆ ಉಳಿದ ಬೆಳ್ಳಿಯೆಲ್ಲ ನನಗೆ ಸಪ್ಪೆಯಾಯಿತು.

ಈ ಉಡುಪು ರೇಷ್ಮೆ ನೇಯುವವರ ಹೊಟ್ಟೆ ಹೊರೆಯಿತು, ದೇಶದ ಕೈಗಾರಿಕೆಗೆ ಜಾಹೀರಾತಾಯಿತು ಎಂದು ತಿಳಿದವರು ಸಮರ್ಥಿಸುತ್ತಾರೆ. ಇರಬಹುದು. ಆದರೆ ಜಾಹೀರಾತಿನ ಹಲಗೆಗೆ ಎರಡು ಕಂಬ ಸಾಕಿತ್ತು, ನಡುವೆ ಒಬ್ಬ ಹೆಂಗಸನ್ನು ನಿಲ್ಲಿಸಬೇಕಿರಲಿಲ್ಲ. ಅರಮನೆಯ ಹಟ ಎಷ್ಟಿತ್ತೆಂದರೆ, 1800ರ ಹೊತ್ತಿಗೆ ಹೊರಗಿನ ಫ್ಯಾಷನ್ನಿನಲ್ಲಿ ಸೊಂಟದ ಗೆರೆ ಎದೆಯ ಕೆಳಕ್ಕೇರಿದರೂ ದರ್ಬಾರಿನಲ್ಲಿ ಹೂಪ್ ಬಿಡಲಿಲ್ಲ. ಎರಡೂ ಸೇರಿ, ಕಂಕುಳಿನಿಂದಲೇ ಲಂಗ ಉಬ್ಬಿಕೊಂಡು ಹೆಂಗಸರು ದೊಡ್ಡ ಘಂಟೆಯ ಮೇಲಿಟ್ಟ ತಲೆಗಳಂತೆ ಕಂಡರು. ರಾಣಿ ಶಾರ್ಲಟ್ 1818ರಲ್ಲಿ ತೀರಿಕೊಂಡಳು. ಮಗ ನಾಲ್ಕನೇ ಜಾರ್ಜ್ 1820ರಲ್ಲಿ ಹೂಪ್ ತೆಗೆದುಹಾಕಿದ. ಆ ದೊರೆಯ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ, ಇದೊಂದಕ್ಕೆ ನಾನು ಆಡುತ್ತೇನೆ.

ಆಮೇಲೆ ಎಲ್ಲ ಸಲೀಸಾಯಿತೇ? ಇಲ್ಲ. ವಿಕ್ಟೋರಿಯಾಳ ಕಾಲಕ್ಕೆ ಅಗಲ ಹೋಗಿ ಉದ್ದ ಬಂತು: ಕನಿಷ್ಠ ಮೂರು ಗಜದ ಬಾಲ, ತಲೆಗೆ ಬಿಳಿ ಗರಿ. ಮದುವೆಯಾದವರಿಗೆ ಮೂರು ಗರಿ, ಆಗದವರಿಗೆ ಎರಡು. ಮೂಳೆ ಕೊರೆಯುವ ಚಳಿಯಲ್ಲೂ ತೆರೆದ ಕತ್ತಿನ ರವಿಕೆಯೇ ಆಗಬೇಕು, ಕತ್ತು ಮುಚ್ಚಲು ಅನಾರೋಗ್ಯದ ಕಾರಣ ತೋರಿಸಿ ಅನುಮತಿ ಪಡೆಯಬೇಕು. ಹೆಣ್ಣುಮಕ್ಕಳನ್ನು ಹೀಗೆ ದರ್ಬಾರಿಗೆ ಹಾಜರುಪಡಿಸುವ ಪದ್ಧತಿಯೇ 1958ರಲ್ಲಿ ನಿಂತಿತು.

ಲಂಡನ್ನಿಗೆ ಹೋಗುವವರಲ್ಲಿ ಒಂದು ಕೇಳಿಕೆ. ಆ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ, ಒಳಗೆ ಹೋಗುವುದು ಪುಕ್ಕಟೆ. ಹುಲಿ ನೋಡಿ, ಬೇಡ ಅನ್ನುವುದಿಲ್ಲ. ಆಮೇಲೆ ಆ ಕೆಂಪು ಉಡುಪಿನ ಮುಂದೆ ನಿಂತು ಸಾಕಾಗುವಷ್ಟು ನೋಡಿ, ಪೆಟ್ಟಿಗೆಯ ಪಕ್ಕಕ್ಕೆ ಸರಿದು ಇನ್ನೊಮ್ಮೆ ನೋಡಿ. ಬದಿಯಿಂದ ಅದು ನಮ್ಮ ನಿಮ್ಮಷ್ಟೇ ಅಗಲ.