ಫೌಜದಾರ ಕಾದಂಬರಿಗೆ ಬಂದ ದಾರಿ

ಹಾನಗಲ್ಲನ್ನು ಶಾಸನಗಳು ವಿರಾಟಕೋಟೆ, ವಿರಾಟನಗರಿ ಎಂದೂ ಕರೆದಿವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂಬುದು ಊರಿನ ನಂಬಿಕೆ. ಅದನ್ನು ಒಪ್ಪಿದರೆ ಈ ಭಾಗದ ಮೊದಲ ಕೊಲೆ ಕೇಸು ಕೀಚಕನದು. ಕೊಂದವರು ಗಂಧರ್ವರು ಎಂದು ಊರಿಗೆ ಊರೇ ನಂಬಿತ್ತು. ಪಾಂಡವರನ್ನು ಹುಡುಕಿ ಹೊರಟಿದ್ದ ಗೂಢಚಾರರು ಊರೂರು ಅಲೆದು, ಏನೂ ಸಿಗದೆ, ಕೀಚಕ ಸತ್ತ ಸುದ್ದಿಯೊಂದನ್ನಷ್ಟೇ ಹೊತ್ತು ಹಸ್ತಿನಾವತಿಗೆ ಮರಳಿದರು. ಅಂಥ ಜಟ್ಟಿಯನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿ ಭೀಮನ ಹೆಸರು ಹಿಡಿದದ್ದು ಆಸ್ಥಾನದಲ್ಲಿ ಕೂತವರು. ಅಲೆದವರ ಹೆಸರು ಯಾರಿಗೂ ನೆನಪಿಲ್ಲ.

ಕನ್ನಡದ ಪತ್ತೇದಾರಿ ಕಾದಂಬರಿಯೂ ಬಹುಕಾಲ ಇದೇ ಜಾಡು ಹಿಡಿಯಿತು. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಬಂದದ್ದು 1952ರಲ್ಲಿ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ ಈ ಮನುಷ್ಯ ಮುಂದೆ ಐನೂರರ ಆಸುಪಾಸು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಹೆಸರುಗಳು ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಗಳಲ್ಲಿ, ಬಾಡಿಗೆ ಲೈಬ್ರರಿಗಳಲ್ಲಿ ಮನೆಮಾತಾದವು. ಕನ್ನಡ ಬಾವುಟದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದು ಓದುಗರನ್ನು ಹಿಡಿದಿಟ್ಟವರೇ. ಕನ್ನಡ ಓದುವ ಚಟ ಹತ್ತಿಸಿದ ಈ ಪುಸ್ತಕಗಳನ್ನು ಹಗುರ ಮಾಡುವವರ ಸಾಲಿನಲ್ಲಿ ನಾನಿಲ್ಲ. ಆದರೆ ಆ ಬಗೆಯ ಕಥೆಯಲ್ಲಿ ಬುದ್ಧಿಯೆಲ್ಲ ಪತ್ತೇದಾರನದು. ಪೊಲೀಸರು ಕೊನೆಯ ಅಧ್ಯಾಯದಲ್ಲಿ ಜೀಪಿನಲ್ಲಿ ಬಂದು ಕೈಕೋಳ ಹಾಕುವವರು.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಓದುಗನಿಗೆ ಇದರಲ್ಲಿ ಇನ್ನೊಂದು ತೊಡಕೂ ಇತ್ತು. ಅವನು ಕಂಡ ಪೊಲೀಸನೇ ಬೇರೆ. ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲೂಕುಗಳು ಇದ್ದದ್ದು ಮುಂಬೈ ಆಡಳಿತದಲ್ಲಿ. ಸಬ್ ಇನ್‌ಸ್ಪೆಕ್ಟರ್ ಇಲ್ಲಿ ಫೌಜದಾರ. ಹಳ್ಳಿಯಲ್ಲಿ ಸರಕಾರದ ಕಣ್ಣು ಎಂದರೆ ಪೊಲೀಸ್ ಪಾಟೀಲ, ಅವನ ಕೈಕೆಳಗೆ ತಳವಾರ, ವಾಲೀಕಾರ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆಯ ಪ್ರಕಾರ ಊರಲ್ಲಿ ಅಸಹಜ ಸಾವಾದರೆ ಇಬ್ಬರು ತಿಳಿವಳಿಕಸ್ಥರನ್ನಾದರೂ ಕೂಡಿಸಿಕೊಂಡು ಹೆಣದ ವಿಚಾರಣೆ ಮಾಡಿ ಬರೆದು ಕಳಿಸಬೇಕಾದವನು ಈ ಪಾಟೀಲನೇ. ಸತ್ತವನೂ ಗೊತ್ತು, ಕೊಂದವನೆಂದು ಅನುಮಾನ ಇರುವವನೂ ಗೊತ್ತು, ಇಬ್ಬರ ಹೊಲಕ್ಕೂ ಒಂದೇ ಬದುವು. ಇಂಥವನಿಗೆ ಭೂತಗನ್ನಡಿ ಬೇಕಿರಲಿಲ್ಲ, ಎದೆಗಾರಿಕೆ ಬೇಕಿತ್ತು. ಗ್ರಾಮಾಧಿಕಾರ ರದ್ದತಿ ಕಾಯ್ದೆ 1961ರಲ್ಲಿ ಬಂದು ವಂಶಪಾರಂಪರ್ಯದ ಪಾಟೀಲಿಕೆ ಹೋಯಿತು. ಅಷ್ಟು ಕಸುವಿನ ಪಾತ್ರ ಅಪರಾಧ ಕಾದಂಬರಿಯ ನಾಯಕನಾಗದೆಯೇ ಉಳಿದದ್ದು ಕನ್ನಡಕ್ಕೆ ಆದ ನಷ್ಟ ಎಂದೇ ನನ್ನ ಎಣಿಕೆ.

ಪೊಲೀಸರನ್ನು ಬೇರೆ ದಿಕ್ಕಿನಿಂದ ಕಂಡವರೂ ಇದ್ದರು. ಮೋಟೆಬೆನ್ನೂರಿನ ಮೈಲಾರ ಮಹಾದೇವ ಮತ್ತು ಇಬ್ಬರು ಸಂಗಾತಿಗಳು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಆ ನೆನಪಿರುವ ಸೀಮೆಯಲ್ಲಿ ಖಾಕಿಯವನನ್ನು ಕಥಾನಾಯಕ ಮಾಡುವುದು ಸುಲಭದ ಮಾತಾಗಿರಲಿಲ್ಲ. ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡ ಬಸವರಾಜ ಕಟ್ಟೀಮನಿಯವರು ಬಂಧಿತನ ಕಡೆಯಿಂದ ಬರೆದರು, ಲಾಠಿ ಹಿಡಿದವನ ಕಡೆಯಿಂದಲ್ಲ.

ಮುಂದೆ ಸಿನಿಮಾ ಬಂದು ಖಾಕಿಯನ್ನು ಒಮ್ಮೆಲೇ ಆಕಾಶಕ್ಕೇರಿಸಿತು. 'ಸುಧಾ'ದಲ್ಲಿ ಧಾರಾವಾಹಿಯಾಗಿದ್ದ ಎಚ್.ಕೆ. ಅನಂತರಾವ್ ಅವರ 'ಅಂತ' 1981ರಲ್ಲಿ ತೆರೆಗೆ ಬಂತು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್ ಆಗಿ ಅಂಬರೀಷ್ ಮೆರೆದರು. ಸೇವೆಯಲ್ಲಿದ್ದ ಅಧಿಕಾರಿಯ ಹೆಸರನ್ನೇ ಹೊತ್ತ 'ಸಾಂಗ್ಲಿಯಾನ' 1988ರಲ್ಲಿ ಬಂತು. ಹೊಡೆದಾಟ ಜೋರಾಗಿತ್ತು, ಶಂಕರನಾಗ್ ಮತ್ತೂ ಜೋರಾಗಿದ್ದರು. ಪಂಚನಾಮೆ ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಕಾದಂಬರಿಯ ಕೊನೆಯಲ್ಲಿ ಎಲ್ಲರೂ ಹಜಾರದಲ್ಲಿ ಸೇರುತ್ತಾರೆ, ಇನ್‌ಸ್ಪೆಕ್ಟರ್ ಬೆರಳು ತೋರುತ್ತಾನೆ, ಕೊಲೆಗಾರ ಕುಸಿದು ಎಲ್ಲ ಒಪ್ಪಿಕೊಳ್ಳುತ್ತಾನೆ. ಆದರೆ 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿಕೊಂಡ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿರಲಿಲ್ಲ. ಹಾಗಾಗಿ ಕಾದಂಬರಿ ಮುಗಿಯುವ ಜಾಗದಲ್ಲಿ ಫೌಜದಾರನ ಕೆಲಸ ಶುರು. ಆರೋಪಿಯ ಮಾತಿನ ಜಾಡು ಹಿಡಿದು ಬಾವಿಯಿಂದ ಕುಡಗೋಲು ಎತ್ತಿಸಿದರೆ, ಆ ಪತ್ತೆಗೆ ಕಾರಣವಾದಷ್ಟು ಮಾತು 27ನೇ ಸೆಕ್ಷನ್‌ನಡಿ ನಿಲ್ಲುತ್ತಿತ್ತು. ಎತ್ತುವಾಗ ಪಂಚರು ಬೇಕು. ಬಿತ್ತನೆಯ ಹೊತ್ತಿನಲ್ಲಿ ಪಂಚರಾಗಲು ಯಾರು ಬರುತ್ತಾರೆ? ಬಂದು ಸಹಿ ಹಾಕಿದವನೇ ವರ್ಷಗಳ ಮೇಲೆ ಕಟಕಟೆಯಲ್ಲಿ ನಿಂತು "ನಂಗೇನೂ ಗೊತ್ತಿಲ್ರೀ, ಸ್ಟೇಶನ್ನಿಗೆ ಕರೆಸಿ ಸಹಿ ಮಾಡಿಸ್ಯಾರ" ಎಂದರೆ? ಕುಡಗೋಲು ಅಷ್ಟೂ ವರ್ಷ ಮುದ್ದೆಮಾಲಿನ ಕೋಣೆಯಲ್ಲಿ ಚೀಟಿ ಕಟ್ಟಿಸಿಕೊಂಡು ತುಕ್ಕು ಹಿಡಿದಿರುತ್ತದೆ. ನಡುವೆ ಫೌಜದಾರನಿಗೆ ವರ್ಗ ಆಗಿರುತ್ತದೆ. ದೀಪಾವಳಿ ಬಂದರೆ ಹೋರಿ ಬೆದರಿಸುವ ಹಬ್ಬದ ಬಂದೋಬಸ್ತು, ಅದು ಮುಗಿಯುವಷ್ಟರಲ್ಲಿ ಮಂತ್ರಿಗಳ ಪ್ರವಾಸ. ತನಿಖೆ ನಡೆಯುವುದು ಇವುಗಳ ಸಂದಿಯಲ್ಲಿ. ಬಂದೂಕಿಗಿಂತ ಕಾಗದಕ್ಕೆ ಹೆಚ್ಚು ಹೆದರುವ ಪೊಲೀಸನನ್ನು ಬರೆದಾಗಲೇ ಪಾತ್ರಕ್ಕೆ ಜೀವ ಬರುವುದು.

ಈ ಲೌಕಿಕವನ್ನು ಹಿಡಿದವರು ಪತ್ತೇದಾರಿ ಲೇಖಕರೆಂದು ಹೆಸರಾದವರಲ್ಲ. ಸ್ವತಃ ಅಮಲ್ದಾರರಾಗಿದ್ದ ಎಂ.ಎಸ್. ಪುಟ್ಟಣ್ಣ 1915ರಷ್ಟು ಹಿಂದೆಯೇ 'ಮಾಡಿದ್ದುಣ್ಣೋ ಮಹಾರಾಯ'ದಲ್ಲಿ ಕಚೇರಿಯ ಒಳಗನ್ನು ಬಲ್ಲವರ ಕಣ್ಣಿನಿಂದ ಬರೆದಿದ್ದರು. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಇನ್ನೂ ಮುಂದೆ ಹೋಯಿತು. ಗುಪ್ತಚರ ಇಲಾಖೆಯ ಅಂಗಾಡಿ ಏಲಕ್ಕಿ ಬೆಳೆಯ ಅವನತಿ, ವಿಜ್ಞಾನಿ ಜೋಗಿಹಾಳರ ಸಾವು ಎರಡನ್ನೂ ಬೆನ್ನು ಹತ್ತಿ ಕೆಸರೂರಿಗೆ ಬರುತ್ತಾನೆ. ಮನುಷ್ಯ ಚುರುಕು, ಪ್ರಾಮಾಣಿಕ. ಆದರೆ ಊರಿನ ಜಾತಿ ಜಗಳ, ಗಾಳಿಮಾತು, ಮೂಢನಂಬಿಕೆಗಳೆಲ್ಲ ಅವನ ಸುಳಿವುಗಳ ಮೇಲೇ ಬೆಳೆದುಕೊಳ್ಳುತ್ತವೆ. ರಹಸ್ಯ ಬಿಡಿಸಿಟ್ಟ ತೃಪ್ತಿಯನ್ನು ಓದುಗನಿಗೆ ಕೊಡದೆ ಕಾದಂಬರಿ ಊರನ್ನೇ ಬೆಂಕಿಗೆ ಒಡ್ಡುತ್ತದೆ. ಸೋಲುವ ತನಿಖಾಧಿಕಾರಿಯನ್ನು ನಂಬುವಂತೆ ಬರೆದ ಈ ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಪತ್ತೇದಾರಿ ಕಪಾಟಿನಲ್ಲಿ ಇಡಲು ಮಾತ್ರ ಇಂದಿಗೂ ನಮಗೆ ಮುಜುಗರ.

ಹೊಸ ತಲೆಮಾರು ಆ ಮುಜುಗರ ಬಿಟ್ಟಿದೆ. 2019ರಲ್ಲಿ ಒಂದೇ ವರ್ಷ ಎರಡು ಸಿನಿಮಾ ಬಂದವು. 'ಬೆಲ್ ಬಾಟಂ'ನ ದಿವಾಕರ ಪತ್ತೇದಾರಿ ಪುಸ್ತಕ ಓದಿ ಕನಸು ಕಂಡು ಕಾನ್‌ಸ್ಟೆಬಲ್ ಆದವನು. ಅವನಿಗೆ ಸಿಗುವ ಕೇಸು ಪೊಲೀಸ್ ಠಾಣೆಗಳಿಂದಲೇ ಮಾಲು ಕದಿಯುವ ಕಳ್ಳರದು. 'ಕವಲುದಾರಿ'ಯ ಶ್ಯಾಮ್ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್, ಕ್ರೈಂ ವಿಭಾಗ ಅವನಿಗೆ ಎಟುಕದ ಆಸೆ. ಅವನಿಗೆ ಜೊತೆಯಾಗುವ ನಿವೃತ್ತ ಮುತ್ತಣ್ಣನನ್ನು ಹಳೆಯ ಕೇಸೊಂದು ಬಿಟ್ಟಿಲ್ಲ. ಅಧಿಕಾರ ಇಲ್ಲದ ಇಬ್ಬರು ಪೊಲೀಸರು!

ಈಗ ಬರೆಯುವವರು ಇನ್ನೊಮ್ಮೆ ಠಾಣೆಯ ಮೆಟ್ಟಿಲು ಹತ್ತಬೇಕಾಗಿದೆ. 2024ರ ಜುಲೈ 1ರಿಂದ ಹೊಸ ಕಾನೂನು. ಕೊಲೆಗೆ 302 ಹೋಗಿ 103 ಬಂದಿದೆ, ವಂಚನೆಗೆ 420 ಹೋಗಿ 318. ಶೋಧನೆ, ಜಪ್ತಿಯನ್ನು ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ತನಗೇನೂ ಗೊತ್ತಿಲ್ಲ ಎನ್ನುವ ಪಂಚನ ಎದುರು ಇನ್ನು ಅವನದೇ ವಿಡಿಯೊ ಓಡುತ್ತದೆ. ಆ ವಿಡಿಯೊ ಹಿಡಿದ ಕಾನ್‌ಸ್ಟೆಬಲ್ ಕೂಡ ಸಾಕ್ಷಿ ಹೇಳಲು ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಕಾಯಬೇಕಾಗುತ್ತದೆ.